ಡೈನೋಸಾರ್ ಹೋದ ಮೇಲೆ ಮೊದಲು ಬೆಳೆದದ್ದು ಮೈಯೋ, ಮಿದುಳೋ?

ಪ್ರಶ್ನೆ: ಡೈನೋಸಾರ್‌ಗಳು ಅಳಿದ ತಕ್ಷಣ ಸಸ್ತನಿಗಳು ದೊಡ್ಡದಾಗಿ ಬೆಳೆದವಂತೆ. ಅವು ಜಾಸ್ತಿ ಬುದ್ಧಿವಂತ ಪ್ರಾಣಿಗಳು, ಅದಕ್ಕೇ ಉಳಿದುಕೊಂಡವು, ಅಲ್ವಾ?

ಉತ್ತರ: ಅವನ್ನು ಉಳಿಸಿದ್ದು ಬುದ್ಧಿಗಿಂತ ಹೆಚ್ಚಾಗಿ ಅವುಗಳ ಸಣ್ಣ ಮೈ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಯುಕಟಾನ್ ಹತ್ತಿರ ಕ್ಷುದ್ರಗ್ರಹ ಬಡಿಯಿತು. ಧೂಳು, ಮಸಿ ಎದ್ದು ಬಿಸಿಲನ್ನೇ ಮುಚ್ಚಿದಾಗ ಗಿಡ ಸತ್ತವು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇಲಿಯಷ್ಟಿದ್ದ ಪ್ರಾಣಿಗೆ ಅಡಗೋಕೆ ಒಂದು ಬಿಲ, ತಿನ್ನೋಕೆ ಸಿಕ್ಕಿದ ಹುಳ, ಬೀಜ ಇದ್ದರೆ ಸಾಕಿತ್ತು. ಹಾಗಂತ ಸಸ್ತನಿಗಳೆಲ್ಲ ಬಚಾವಾದವು ಅಂದುಕೊಳ್ಳಬೇಡಿ. ಅವುಗಳಲ್ಲೂ ಬಹುಪಾಲು ಜಾತಿಗಳು ಅಳಿದುಹೋದವು.

ಅಲ್ಲಿಂದ ಮುಂದಿನ 1 ಕೋಟಿ ವರ್ಷದ ಹೆಸರು ಪ್ಯಾಲಿಯೋಸೀನ್. ಡೈನೋಸಾರ್ ಕಥೆ ಮುಗಿದ ಮೇಲೆ ಈ ಕಾಲವನ್ನು ಸುಮ್ನೆ ಹಾರಿಸಿಬಿಡುತ್ತೇವೆ, ಆದರೆ ನನಗೆ ಅತಿ ಇಷ್ಟವಾದ ಕಾಲ ಇದೇ. ಅಮೆರಿಕದ ಕೊಲೊರಾಡೋದಲ್ಲಿ ಕೊರಲ್ ಬ್ಲಫ್ಸ್ ಅನ್ನೋ ಜಾಗವಿದೆ. ಅಲ್ಲಿನ ಕಲ್ಲುಂಡೆಗಳನ್ನು ಒಡೆದರೆ ಒಳಗೆ ಪ್ರಾಣಿಗಳ ತಲೆಬುರುಡೆ! 2019ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದ ಪ್ರಕಾರ, ದುರಂತದ ಬೆನ್ನಿಗೇ ಆ ಜಾಗದಲ್ಲಿದ್ದ ದೊಡ್ಡ ಸಸ್ತನಿ ಅಂದರೆ ಸುಮಾರು ಅರ್ಧ ಕಿಲೋ ತೂಕದ್ದು. ನೆಲದ ತುಂಬ ಜರೀಗಿಡ. 1 ಲಕ್ಷ ವರ್ಷ ಕಳೆಯುವಷ್ಟರಲ್ಲಿ ತೂಕ ಸುಮಾರು 6 ಕಿಲೋ ಮುಟ್ಟಿತ್ತು. ಆಮೇಲೆ ಅಕ್ರೋಟ್ ಜಾತಿಯ ಮರಗಳು ಬಂದವು, 7 ಲಕ್ಷ ವರ್ಷದ ಹೊತ್ತಿಗೆ ಬೇಳೆಕಾಳಿನ ಕುಲದ ಗಿಡಗಳೂ ಬಂದವು, ಆಗ 50 ಕಿಲೋದಷ್ಟು ತೂಗುವ ಪ್ರಾಣಿಗಳು ಓಡಾಡುತ್ತಿದ್ದವು. ಗಿಡಗಳು ಬದಲಾದಂತೆ ಪ್ರಾಣಿಗಳ ಮೈಯೂ ಬೆಳೆದಿದೆ ನೋಡಿ. 7 ಲಕ್ಷ ವರ್ಷ ನಮಗೆ ಊಹಿಸೋಕೂ ಆಗದಷ್ಟು ಉದ್ದ, ಭೂಮಿಯ ಲೆಕ್ಕದಲ್ಲಿ ಮಾತ್ರ ನಿಮ್ಮ 'ತಕ್ಷಣ' ಸರಿಯೇ.

ಇನ್ನು ಬುದ್ಧಿಯ ವಿಷಯ. ಆ ಕಾಲದ ಬುರುಡೆಗಳನ್ನು ಸಿಟಿ ಸ್ಕ್ಯಾನ್ ಮಾಡಿ 2022ರಲ್ಲಿ ವಿಜ್ಞಾನಿಗಳು ಹೇಳಿದ್ದು ನಿಮ್ಮ ಊಹೆಗೆ ಪೂರ್ತಿ ಉಲ್ಟಾ: ಮೈ ಬೆಳೆದ ವೇಗದಲ್ಲಿ ಮಿದುಳು ಬೆಳೆಯಲಿಲ್ಲ, ಮೈಗೆ ಹೋಲಿಸಿದರೆ ಅದು ಹಿಂದಿನ ಸಸ್ತನಿಗಳಿಗಿಂತಲೂ ಚಿಕ್ಕದಾಯಿತು. ಮಿದುಳನ್ನು ಸಾಕೋದು ತುಂಬಾ ದುಬಾರಿ, ಸಿಕ್ಕಾಪಟ್ಟೆ ಶಕ್ತಿ ಬೇಕು. ಕಾಡೆಲ್ಲ ಖಾಲಿ ಇದ್ದಾಗ ಗಾತ್ರವೊಂದಿದ್ದರೆ ಬದುಕು ನಡೆಯುತ್ತಿತ್ತು. ಮುಂದಿನ ಇಯೋಸೀನ್ ಕಾಲದಲ್ಲಿ ಕಾಡು ತುಂಬಿ ಪೈಪೋಟಿ ಜೋರಾದ ಮೇಲೆಯೇ ಮಿದುಳು ದೊಡ್ಡದಾಗತೊಡಗಿತು, ಅದರಲ್ಲೂ ನೋಟಕ್ಕೆ ಸಂಬಂಧಿಸಿದ ಭಾಗ.