ಪಾದ್ರಿಗಳು ಸಂಬಳದ ನೌಕರಿ ಮಾಡಬಹುದೇ?

ನಿಮ್ಮ ಚರ್ಚಿನ ಫಾದರ್ ಒಬ್ಬರು ಅನುದಾನಿತ ಕಾಲೇಜಿನಲ್ಲಿ ಪಾಠ ಹೇಳಿ ಸರ್ಕಾರದ ಸಂಬಳ ಪಡೆಯುತ್ತಿದ್ದಾರೆ, ಹಾಗಿದ್ದರೆ ಪಾದ್ರಿಗಳು ಅಂಗಡಿಯನ್ನೂ ಇಡಬಹುದೇ ಎಂದು ಕೇಳಿದ್ದೀರಿ. ಅಂತಹುದೇ ಕಾಲೇಜೊಂದರ ಕಚೇರಿಯಲ್ಲಿ ಬಹಳ ವರ್ಷ ಸಂಬಳದ ಬಿಲ್ಲು ಬರೆದವನು ನಾನು. ಕ್ಯಾಥೋಲಿಕ ಗುರುಗಳ ವಿಷಯದಲ್ಲಿ ತಿಳಿದಷ್ಟನ್ನು ಹೇಳುತ್ತೇನೆ.

ದುಡಿಮೆ ಧರ್ಮಸಭೆಗೆ ಹೊಸದಲ್ಲ; ಸಂತ ಪೌಲನೇ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದವನು. 1983ರ ಧರ್ಮಸಭೆಯ ಕಾನೂನಿನಲ್ಲಿ ಪಾಠ ಹೇಳುವುದಕ್ಕೆ ನಿಷೇಧವಿಲ್ಲ, ಆದರೆ ಧರ್ಮಾಧ್ಯಕ್ಷರು (ಬಿಷಪ್ಪರು) ಒಪ್ಪಿಸಿದ ಹೊಣೆಯನ್ನು ಬದಿಗಿಟ್ಟು ಗುರುಗಳು ತಾವಾಗಿಯೇ ನೌಕರಿ ಹುಡುಕಿಕೊಳ್ಳುವಂತಿಲ್ಲ. 285ನೇ ವಿಧಿ ರಾಜ್ಯಾಧಿಕಾರ ಚಲಾಯಿಸುವ ಹುದ್ದೆಗಳನ್ನು ನಿಷೇಧಿಸುತ್ತದೆ. ಅಮೆರಿಕದ ಸಂಸತ್ತಿನಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಯೇಸುಸಭೆಯ (ಜೆಸ್ವಿಟ್) ಗುರು ರಾಬರ್ಟ್ ಡ್ರೈನನ್ ಅವರು ಈ ಕಾನೂನು ಬರುವ ಮೊದಲೇ, 1980ರಲ್ಲಿ, ಪೋಪರ ಆಜ್ಞೆಗೆ ತಲೆಬಾಗಿ ಮುಂದಿನ ಚುನಾವಣೆಯಿಂದ ಹಿಂದೆ ಸರಿದಿದ್ದರು. ನಿಮ್ಮ ಅಂಗಡಿಯ ಪ್ರಶ್ನೆಗೆ ಉತ್ತರ 286ನೇ ವಿಧಿಯಲ್ಲಿದೆ: ಸ್ವಂತಕ್ಕಾಗಲಿ ಪರರಿಗಾಗಲಿ, ತಾವೇ ಆಗಲಿ ಬೇರೆಯವರ ಮೂಲಕವಾಗಲಿ, ಸಂಬಂಧಪಟ್ಟ ಧರ್ಮಾಧಿಕಾರಿಗಳ ಅನುಮತಿಯಿಲ್ಲದೆ ವ್ಯಾಪಾರ ಮಾಡಕೂಡದು. ಗುರುಪಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ನರಾಗಿಯೇ ಉಳಿಯುವವರಿಗೆ, ಅವರಲ್ಲಿ ಮದುವೆಯಾದವರೂ ಇರುವುದರಿಂದ, ಈ ಕಟ್ಟುಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಸಂಬಳ ಯಾರ ಕೈಸೇರುತ್ತದೆ ಎಂಬುದು ಬೇರೆಯೇ ವಿಚಾರ. ಬಡತನದ ವ್ರತ ತೊಟ್ಟ ಸನ್ಯಾಸಿ ಗುರುಗಳ ಮತ್ತು ಧರ್ಮಭಗಿನಿಯರ ದುಡಿಮೆಯ ಹಣ ಅವರವರ ಸಂಸ್ಥೆಗೆ ಸೇರಬೇಕು. ನಮ್ಮ ಕಾಲೇಜಿನಲ್ಲಿ ಅವರು ಬಿಲ್ಲಿಗೆ ಸಹಿ ಹಾಕಿದ ದಿನವೇ ಅಷ್ಟೂ ಮೊತ್ತ ಮಠದ ಖಾತೆಗೆ ಹೋಗುತ್ತಿತ್ತು. ಹಾಗೆಂದು ಆದಾಯ ತೆರಿಗೆ ತಪ್ಪುವುದಿಲ್ಲ. ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸಂಬಳ ಅವರ ಹೆಸರಿನಲ್ಲೇ ಬರುವುದರಿಂದ ಅದು ಸರಿಯೆಂದೇ ನನ್ನ ಅಭಿಪ್ರಾಯ.

ಒಮ್ಮೆ ನಮ್ಮ ಜವಾನನೊಬ್ಬ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಎಂದು ಗಣಿತದ ಫಾದರ್ ಬಳಿ ಅರ್ಜಿ ಹಿಡಿದು ಹೋದಾಗ, ಅವರು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿ, "ಪ್ರೊವಿನ್ಶಿಯಲರನ್ನು (ಸಂಸ್ಥೆಯ ಪ್ರಾಂತೀಯ ಮುಖ್ಯಸ್ಥರನ್ನು) ಕೇಳದೆ ಸಹಿ ಮಾಡುವ ಹಾಗಿಲ್ಲ ಮಾರಾಯ" ಎಂದರು. ಅದು ಜಿಪುಣತನವೆಂದು ಅವನೂ ನಾನೂ ಆಡಿಕೊಂಡಿದ್ದೆವು. ಮೇಲಿನವರನ್ನು ಕೇಳದೆ ಜಾಮೀನು ನಿಲ್ಲಬಾರದೆಂಬ ಮಾತು ಅದೇ 285ನೇ ವಿಧಿಯ ನಾಲ್ಕನೆಯ ಭಾಗದಲ್ಲಿದೆ ಎಂದು ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ.