ವಾಹನ ಪ್ರಶ್ನೋತ್ತರ: ಹೈಬ್ರಿಡ್ ಕಾರು ತೋಟದ ಏರು ಹತ್ತೀತೇ?

ಮುಂಗಾರು ಹತ್ತಿರವಾಗುತ್ತಿದ್ದಂತೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟದ ಮನೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ಮನೆಗೆ ಮುಟ್ಟುವ ಮೊದಲು ಸುಮಾರು 80 ಮೀಟರ್ ಉದ್ದದ ಮಣ್ಣಿನ ಏರು ಇದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರಾಗಿರುತ್ತದೆ. ಹಳೆಯ ಜೀಪನ್ನು ಮಾರಿ, ಮೈಲೇಜ್ ಕೊಡುವ ಹೈಬ್ರಿಡ್ ಆಲ್ ವ್ಹೀಲ್ ಡ್ರೈವ್ ಎಸ್‌ಯುವಿ ಕೊಳ್ಳೋಣವೆಂದು ಮಕ್ಕಳು ಒತ್ತಾಯಿಸುತ್ತಿದ್ದಾರೆ. ಆ ಗಾಡಿ ಈ ಏರನ್ನು ಹತ್ತುತ್ತದೆಯೇ? (ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು)

ಉತ್ತರ: ಮೊದಲು ‘ಹೈಬ್ರಿಡ್’ (ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟರೂ ಇರುವ ಗಾಡಿ) ಎಂಬ ಪದವನ್ನು ಬಿಡಿಸಿ ನೋಡಬೇಕು. ನಮ್ಮಲ್ಲಿ ಮಧ್ಯಮ ಬೆಲೆಯ ಗಾಡಿಗಳ ಪೈಕಿ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಎರಡೂ 2022ರಲ್ಲಿ ಬಂದವು. ಎರಡರಲ್ಲಿಯೂ ಹೈಬ್ರಿಡ್ ಎಂಬುದಕ್ಕೆ ಎರಡು ಬೇರೆ ಬೇರೆ ಅರ್ಥಗಳಿವೆ. ಮೊದಲನೆಯದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ಎಂಜಿನ್ನಿನ ನೆರವಿಲ್ಲದೆ ಮೋಟರೇ ಗಾಡಿಯನ್ನು ಎಳೆಯಬಲ್ಲುದು, ಲೀಟರಿಗೆ 27.97 ಕಿಲೋಮೀಟರ್ ಎಂಬ ಘೋಷಿತ ಮೈಲೇಜ್ ಇದರದೇ. ಆದರೆ ಇದರಲ್ಲಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುತ್ತದೆ. ಎರಡನೆಯದು ಮೈಲ್ಡ್ ಹೈಬ್ರಿಡ್. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಏರ್ಪಾಡು ಸಿಗುವುದು ಇದರಲ್ಲಿ. ಆದರೆ ಇಲ್ಲಿ ಮೋಟರು ಎಂಜಿನ್ನಿಗೆ ಅಲ್ಪ ನೆರವು ನೀಡುತ್ತದೆಯೇ ಹೊರತು ತಾನಾಗಿ ಗಾಡಿಯನ್ನು ಓಡಿಸುವುದಿಲ್ಲ. ಮೊದಲು ಈ ನಾಲ್ಕು ಚಕ್ರದ ಮಾದರಿ ಮ್ಯಾನುಯಲ್ ಗೇರಿನೊಂದಿಗೆ ಬರುತ್ತಿತ್ತು, 2025ರಿಂದ ಆಟೋಮ್ಯಾಟಿಕ್ ಆಗಿದೆ. ನಿಮ್ಮ ಮಕ್ಕಳ ಮನಸ್ಸಿನಲ್ಲಿರುವ ಮೈಲೇಜ್ ಒಂದು ಗಾಡಿಯದು, ನಾಲ್ಕು ಚಕ್ರದ ಎಳೆತ ಇನ್ನೊಂದು ಗಾಡಿಯದು ಎಂಬುದನ್ನು ಹಣ ಕಟ್ಟುವ ಮೊದಲೇ ಅವರಿಗೆ ಮನವರಿಕೆ ಮಾಡಿಕೊಡಿ.

ಇನ್ನು ನಿಮ್ಮ ಏರು. ಅದರ ಕಡಿದನ್ನು ನೀವೇ ಅಳೆಯಬಹುದು. 4 ಅಡಿ ಉದ್ದದ ನೇರವಾದ ಹಲಗೆಯೊಂದರ ಒಂದು ತುದಿಯನ್ನು ಏರಿನ ಮೇಲ್ಬದಿಗೆ ಊರಿ, ಗಾರೆಯವರ ಸ್ಪಿರಿಟ್ ಲೆವೆಲ್ ಇಟ್ಟು, ಹಲಗೆ ಮಟ್ಟವಾಗುವವರೆಗೆ ಕೆಳಬದಿಯ ತುದಿಯನ್ನು ಎತ್ತಿರಿ. ಆ ತುದಿ ನೆಲದಿಂದ 1 ಅಡಿ ಮೇಲಿದ್ದರೆ ನಿಮ್ಮದು ನಾಲ್ಕಕ್ಕೆ ಒಂದರ ಏರು. ಐದು ಜನ ಮತ್ತು ಸಾಮಾನು ಸೇರಿ 1,700 ಕಿಲೋ ತೂಗುವ ಗಾಡಿಯನ್ನು ಅಂಥ ಏರಿನಲ್ಲಿ ಜಾರದಂತೆ ಹಿಡಿದು ನಿಲ್ಲಿಸುವುದಕ್ಕೇ ಸುಮಾರು 410 ಕಿಲೋ ಭಾರಕ್ಕೆ ಸಮನಾದ ಎಳೆತ ಬೇಕು. ಒದ್ದೆ ಮಣ್ಣು ತನ್ನ ಮೇಲೆ ಬಿದ್ದ ಭಾರದ ಶೇ 30ರಷ್ಟು ಹಿಡಿತ ಕೊಡುತ್ತದೆ ಎಂದಿಟ್ಟುಕೊಳ್ಳಿ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರಗಳ ಮೇಲೆ ಉಳಿಯುವುದು ಸುಮಾರು 750 ಕಿಲೋ, ಅದರಿಂದ ದೊರೆಯುವ ಎಳೆತ 225 ಕಿಲೋ. ಅಂದರೆ ಮುಂದಿನ ಚಕ್ರಗಳ ಗಾಡಿ ಎಷ್ಟೇ ಶಕ್ತಿಯುಳ್ಳದ್ದಾದರೂ ಅಲ್ಲಿ ಹತ್ತುವುದಿಲ್ಲ. ನಾಲ್ಕೂ ಚಕ್ರಗಳು ದುಡಿದರೆ ಸುಮಾರು 495 ಕಿಲೋ ಎಳೆತ ಸಿಗುತ್ತದೆ, ಗಾಡಿ ಹತ್ತುತ್ತದೆ. ಆದರೆ ಎರಡು ದಿನ ಬಿಡದೆ ಮಳೆ ಸುರಿದು ಅದೇ ಮಣ್ಣಿನ ಹಿಡಿತ ಶೇ 20ಕ್ಕೆ ಇಳಿದರೆ ನಾಲ್ಕು ಚಕ್ರಗಳಿಂದಲೂ ದೊರೆಯುವುದು 330 ಕಿಲೋ ಮಾತ್ರ. ಆಗ ಆಲ್ ವ್ಹೀಲ್ ಡ್ರೈವ್ ಕೂಡ ಕೆಳಗೇ ನಿಲ್ಲುತ್ತದೆ. ಎಂಜಿನ್ನಿನ ಬಲಕ್ಕೆ ಈ ಲೆಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲ ಎಂಬುದನ್ನು ಗಮನಿಸಿ. ಎಲ್ಲವೂ ಟೈರು ಮತ್ತು ಮಣ್ಣಿನ ನಡುವೆಯೇ ತೀರ್ಮಾನವಾಗುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಇಂಥ ಗಾಡಿಗಳಲ್ಲಿ ಬಲವನ್ನು ಹಂಚುವ ಗೇರುಜೋಡಣೆಯಾದ ಡಿಫರೆನ್ಷಿಯಲ್ ಎಡಬಲದ ಚಕ್ರಗಳಿಗೆ ಸಮನಾದ ಬಲವನ್ನೇ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ ಅದಕ್ಕೆ ಬೇಕಾಗುವ ಬಲ ಬಹುತೇಕ ಸೊನ್ನೆ, ಆದ್ದರಿಂದ ನೆಲ ಕಚ್ಚಿರುವ ಜೊತೆ ಚಕ್ರಕ್ಕೂ ಸೊನ್ನೆಯೇ. ಇದನ್ನು ತಪ್ಪಿಸಲು ಗಾಡಿಯು ಸುಮ್ಮನೆ ಸುತ್ತುವ ಚಕ್ರಕ್ಕೆ ತಾನಾಗಿಯೇ ಬ್ರೇಕ್ ಹಾಕಿ, ಬಲವನ್ನು ಆಚೆ ಚಕ್ರಕ್ಕೆ ದಾಟಿಸಲು ಯತ್ನಿಸುತ್ತದೆ. ಕಳೆದ ಜುಲೈನಲ್ಲಿ ಆಲ್ದೂರಿನ ಬಳಿ ಸ್ನೇಹಿತರ ತೋಟದಲ್ಲಿ ಇಂಥ ಒಂದು ಗಾಡಿಯ ಮುಂದಿನ ಎಡ ಚಕ್ರ ಮಳೆನೀರು ಕೊರೆದ ಕಾಲುವೆಗೆ ಇಳಿದು, ಹಿಂದಿನ ಬಲ ಚಕ್ರ ನೆಲ ಬಿಟ್ಟು ಮೇಲೆದ್ದಿತ್ತು. ಆಕ್ಸಿಲರೇಟರ್ ಒತ್ತಿದಾಗ ಎರಡೂ ಚಕ್ರಗಳು ಗಿರ್ರನೆ ತಿರುಗಿದವು, ಒಳಗಿನಿಂದ ಬ್ರೇಕಿನ ಕಟಕಟ ಸದ್ದು ಕೇಳಿತು, ಒಂದೆರಡು ಕ್ಷಣದ ನಂತರ ಗಾಡಿ ಗೇಣುದ್ದ ಮುಂದಕ್ಕೆ ಸರಿದು ಮತ್ತೆ ನಿಂತಿತು. ಇಳಿದು ನೋಡಿದರೆ ಟೈರಿನ ಬಟನ್‌ಗಳ ನಡುವಿನ ಸಂದುಗಳೆಲ್ಲ ಕೆಮ್ಮಣ್ಣಿನಿಂದ ತುಂಬಿ, ಟೈರಿನ ಮೈ ಮಡಕೆಯ ಹೊರಮೈಯಷ್ಟು ನುಣುಪಾಗಿತ್ತು. ತೋಟದ ರೈಟರು ಮರಗಸಿಯಲ್ಲಿ (ನೆರಳು ಮರಗಳ ಕೊಂಬೆ ಸವರುವಾಗ) ಕಡಿದು ಹಾಕಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ತರಿಸಿ ಚಕ್ರದಡಿ ತುರುಕಿದ ಮೇಲೆ, ಮತ್ತೊಮ್ಮೆ ಮೆಲ್ಲನೆ ಒತ್ತಿದಾಗ ಗಾಡಿ ಮೇಲೆ ಬಂದಿತು. ಆ ಗಾಡಿಯ ಯಂತ್ರದಲ್ಲಿ ಯಾವ ಲೋಪವೂ ಇರಲಿಲ್ಲ. ಡಾಂಬರಿಗೆಂದು ಮಾಡಿದ ಟೈರು ಅದಕ್ಕಿತ್ತು, ಅಷ್ಟೆ.

ಜೀಪಿಗೆ ಸಮನೇ ಎಂದರೆ, ಅಲ್ಲ. ಜೀಪಿನ ಲೋ ಗೇರು ಚಕ್ರದ ಬಲವನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಿ, ನಡಿಗೆಯ ವೇಗದಲ್ಲಿ ಹತ್ತಲೂ ಇಳಿಯಲೂ ಅನುಕೂಲ ಮಾಡಿಕೊಡುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ ಲೋ ಗೇರು ಇಲ್ಲ. ಅವುಗಳ ನಾಲ್ಕು ಚಕ್ರದ ಮಾದರಿಯಲ್ಲಿರುವ ಲಾಕ್ ಮೋಡ್ ಹಿಂದಿನ ಚಕ್ರಗಳಿಗೆ ಸದಾ ಬಲ ತಲುಪುವಂತೆ ನೋಡಿಕೊಳ್ಳುತ್ತದೆ, ಅದರಾಚೆಗೆ ಏನೂ ಇಲ್ಲ. ಲೋ ಗೇರು ಬೇಕೇ ಬೇಕೆಂದರೆ ಮಾರುತಿ ಜಿಮ್ನಿ, ಮಹೀಂದ್ರ ಥಾರ್, ಫೋರ್ಸ್ ಗೂರ್ಖಾಗಳ ಕಡೆ ನೋಡಬೇಕು, ಆಗ ಹೈಬ್ರಿಡ್ ಮೈಲೇಜಿನ ಆಸೆ ಬಿಡಬೇಕು.

ನನ್ನ ಸಲಹೆ ಬೇರೆಯೇ ಇದೆ. ನಿಮ್ಮ ತೊಂದರೆ ಇರುವುದು 80 ಮೀಟರಿನಲ್ಲಿ. ಆ ಏರಿಗೆ ಚಕ್ರದ ಅಗಲಕ್ಕೆ ಸರಿಯಾಗಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಹಸಿಯಿರುವಾಗಲೇ ಅಡ್ಡಗೀರುಗಳನ್ನು ಎಳೆಸಿ, ಮೇಲಿನ ನೀರು ಪಕ್ಕದ ಚರಂಡಿಗೆ ಹೋಗುವಂತೆ ಮಾಡಿಸಿ. ಆಗ ಸ್ಟ್ರಾಂಗ್ ಹೈಬ್ರಿಡ್ ಕೂಡ ಆ ಏರನ್ನು ಹತ್ತುತ್ತದೆ, ಪಾಚಿ ಕಟ್ಟದಂತೆ ಮಳೆಗಾಲದಲ್ಲಿ ಆಗಾಗ ಬ್ಲೀಚಿಂಗ್ ಪೌಡರ್ ಹಾಕಿ ಗುಡಿಸಿದರಾಯಿತು. ಸಾಧ್ಯವಿದ್ದರೆ ಜೀಪನ್ನು ಮಾರಬೇಡಿ. ಆಗಸ್ಟ್‌ನ ನಡುರಾತ್ರಿ ಮನೆಯ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಹೊತ್ತಿಗೆ ರಸ್ತೆಯ ಮೇಲೆ ಏನು ಬಿದ್ದಿರುತ್ತದೋ ಹೇಳಲಾಗದು.

ಪ್ರಶ್ನೆ: ನನ್ನ ಬಳಿ ಸ್ಟ್ರಾಂಗ್ ಹೈಬ್ರಿಡ್ ಕಾರಿದೆ. ಮುಂದಿನ ಚಕ್ರದ ಗಾಡಿ ಮುಂದಾಗಿ ಹತ್ತದಿದ್ದರೆ ಹಿಂದುಮುಂದಾಗಿ ಹತ್ತಿಸಿ ಎಂದು ಹಿರಿಯರು ಹೇಳುತ್ತಿದ್ದರು. ಹಳೆಯ ಕಾರಿನಲ್ಲಿ ಇದು ಫಲಿಸುತ್ತಿತ್ತು, ಹೊಸದರಲ್ಲಿ ಫಲಿಸುತ್ತಿಲ್ಲ. ಏಕೆ? (ಓದುಗರು, ಕಳಸ)

ಉತ್ತರ: ಹಿರಿಯರ ಮಾತು ಸರಿಯಾದದ್ದೇ. ರಿವರ್ಸ್‌ನಲ್ಲಿ ಹತ್ತುವಾಗ ಎಳೆಯುವ ಚಕ್ರಗಳು ಕೆಳಬದಿಗೆ ಬರುತ್ತವೆ, ಭಾರವೂ ಅವುಗಳ ಮೇಲೆ ಸರಿಯುತ್ತದೆ, ಹಿಡಿತ ಹೆಚ್ಚುತ್ತದೆ. ಆದರೆ ನಿಮ್ಮ ಕಾರಿನಲ್ಲಿ ಗೇರ್‌ಬಾಕ್ಸ್ ಎಂದು ಕರೆಯುವುದು ವಾಸ್ತವವಾಗಿ ಎಂಜಿನ್ನನ್ನೂ ಎರಡು ಮೋಟರುಗಳನ್ನೂ ಜೋಡಿಸುವ ಒಂದು ಗ್ರಹಚಕ್ರದ ಗೇರು (ನಡುವಿನ ಗೇರಿನ ಸುತ್ತ ಚಿಕ್ಕ ಗೇರುಗಳಿರುವ ಜೋಡಣೆ). ಅದರಲ್ಲಿ ರಿವರ್ಸ್‌ಗೆಂದು ಬೇರೆ ಗೇರಿಲ್ಲ. ಹಿಂದಕ್ಕೆ ಚಲಿಸುವಾಗ ಮೋಟರು ಮಾತ್ರ ಉಲ್ಟಾ ತಿರುಗಿ ಗಾಡಿಯನ್ನು ಎಳೆಯುತ್ತದೆ, ಎಂಜಿನ್ನಿನ ಬಲ ಚಕ್ರಕ್ಕೆ ನೇರವಾಗಿ ಸೇರುವುದಿಲ್ಲ. ಮುಂದಕ್ಕೆ ಹೋಗುವಾಗ ಇಬ್ಬರು ಎಳೆಯುವ ಬಂಡಿಯನ್ನು ಹಿಂದಕ್ಕೆ ಒಬ್ಬನೇ ಎಳೆದ ಹಾಗೆ ಆಗುತ್ತದೆ. ಬ್ಯಾಟರಿಯ ಚಾರ್ಜ್ ಇಳಿದಿದ್ದರೆ ಆ ಒಬ್ಬನೂ ಸೋತಿರುತ್ತಾನೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನ ಬಲದಿಂದಲೇ ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಬಿಟ್ಟುಬಿಡಿ; ತಿರುಗದೆ ಬಲ ಹಾಕುತ್ತಿರುವ ಮೋಟರು ಬೇಗ ಬಿಸಿಯಾಗುತ್ತದೆ.

ಪ್ರಶ್ನೆ: ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಅರ್ಧ ದಾರಿಯವರೆಗೆ ನಮ್ಮ ಹೈಬ್ರಿಡ್ ಕಾರು ಸದ್ದಿಲ್ಲದೆ ಇಳಿಯುತ್ತದೆ. ಆಮೇಲೆ ನಾನು ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಜೋರಾಗಿ ಕೂಗಲಾರಂಭಿಸುತ್ತದೆ. ಏನಾದರೂ ಕೆಟ್ಟಿದೆಯೇ? (ಶಾಲಾ ಶಿಕ್ಷಕಿ, ಸಕಲೇಶಪುರ)

ಉತ್ತರ: ಏನೂ ಕೆಟ್ಟಿಲ್ಲ, ನಿಶ್ಚಿಂತೆಯಿಂದಿರಿ. ಇಳಿಜಾರಿನಲ್ಲಿ ಮೋಟರು ಜನರೇಟರಾಗಿ ಗಾಡಿಯನ್ನು ತಡೆಯುತ್ತ, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. 1,500 ಕಿಲೋ ತೂಕದ ಗಾಡಿ 600 ಮೀಟರ್ ಎತ್ತರವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.4 ಯೂನಿಟ್, ಕರೆಂಟ್ ಬಿಲ್ಲಿನಲ್ಲಿ ನೀವು ನೋಡುವ ಅದೇ ಯೂನಿಟ್. ಇಂಥ ಕಾರಿನ ಬ್ಯಾಟರಿ ಹಿಡಿಯುವುದು 1 ಯೂನಿಟ್‌ಗಿಂತಲೂ ಕಡಿಮೆ, ಅದೂ ಘಾಟಿಯ ತಲೆಯಲ್ಲಿಯೇ ಅರ್ಧ ತುಂಬಿರುತ್ತದೆ. ಹೀಗಾಗಿ ಒಂದಷ್ಟು ತಿರುವುಗಳಾದ ಮೇಲೆ ಶಕ್ತಿಗೆ ಜಾಗವೇ ಇಲ್ಲದಂತಾಗಿ, ಗಾಡಿಯು ಪೆಟ್ರೋಲ್ ಹಾಯಿಸದೆ ಎಂಜಿನ್ನನ್ನು ಬರಿದೆ ತಿರುಗಿಸಿ ಆ ಶಕ್ತಿಯನ್ನು ಖರ್ಚು ಮಾಡುತ್ತದೆ. ನಿಮಗೆ ಕೇಳುವುದು ಆ ಸದ್ದು.

ಎಚ್ಚರ ಬೇಕಿರುವುದು ಇನ್ನೊಂದು ವಿಷಯದಲ್ಲಿ. ಗೇರ್ ಲಿವರಿನಲ್ಲಿ ‘ಬಿ’ ಎಂಬ ಸ್ಥಾನವಿದ್ದರೆ ಘಾಟಿಯ ಆರಂಭದಲ್ಲಿಯೇ ಅಲ್ಲಿಗೆ ತನ್ನಿರಿ, ಸಪಾಟು ರಸ್ತೆ ಸಿಕ್ಕಿದ ಕೂಡಲೇ ‘ಡಿ’ಗೆ ಮರಳಿ. ನ್ಯೂಟ್ರಲ್‌ನಲ್ಲಿ ಮಾತ್ರ ಎಂದೂ ಇಳಿಸಬೇಡಿ. ಆಗ ಮೋಟರಿನ ತಡೆಯೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ, ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮನ ಬಳಿ ಟೊಯೊಟಾ ರಾವ್4 ಹೈಬ್ರಿಡ್ ಇದೆ. ಅದು ಪೂರ್ತಿ ಹೈಬ್ರಿಡ್ ಆಗಿದ್ದೂ ನಾಲ್ಕು ಚಕ್ರಕ್ಕೆ ಎಳೆತವಿದೆ ಎನ್ನುತ್ತಾನೆ. ನಮ್ಮಲ್ಲಿ ಅಂಥದ್ದು ಏಕಿಲ್ಲ? ಇದ್ದರೆ ಮಲೆನಾಡಿಗೆ ಒಗ್ಗುತ್ತದೆಯೇ? (ಓದುಗರು, ಹಾಸನ)

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಟೊಯೊಟಾ ಈ ಬಗೆಯನ್ನು ಇ-ಫೋರ್ ಎಂದು ಕರೆಯುತ್ತದೆ. 2001ರಲ್ಲಿ ಜಪಾನಿನ ಎಸ್ಟಿಮಾ ಹೈಬ್ರಿಡ್ ವ್ಯಾನಿನಲ್ಲಿ ಇದು ಮೊದಲು ಬಂದಿತು. ಮುಂದಿನಿಂದ ಹಿಂದಕ್ಕೆ ಶಕ್ತಿ ಸಾಗಿಸುವ ಉದ್ದನೆಯ ಶಾಫ್ಟ್ ಇದರಲ್ಲಿಲ್ಲ. ಹಿಂದಿನ ಚಕ್ರಗಳಿಗೆ ಪ್ರತ್ಯೇಕವಾದ ಚಿಕ್ಕ ಮೋಟರೊಂದನ್ನು ಇಟ್ಟು, ಮುಂದಿನ ಚಕ್ರ ಜಾರುವ ಕ್ಷಣದಲ್ಲಿಯೇ ಅದನ್ನು ಚಾಲೂ ಮಾಡುತ್ತಾರೆ. ಹಿಮ ಬಿದ್ದ ರಸ್ತೆಯಲ್ಲಿ ಹೊರಡುವುದಕ್ಕೆ, ಒದ್ದೆ ಹುಲ್ಲಿನ ಮೇಲೆ ತಿರುಗಿಸುವುದಕ್ಕೆ ಇದು ಬಹಳ ಚೆನ್ನ. ನಮ್ಮ ದೇಶದಲ್ಲಿಯೂ ಟೊಯೊಟಾ ವೆಲ್‌ಫೈರ್, ಲೆಕ್ಸಸ್ ಎನ್‌ಎಕ್ಸ್ 350ಎಚ್ ಗಾಡಿಗಳಲ್ಲಿ ಈ ಏರ್ಪಾಡಿದೆ, ಆದರೆ ಅವುಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವುದಲ್ಲ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ ಇರುವುದು ಮುಂದಿನ ಚಕ್ರದ ಎಳೆತ ಮಾತ್ರ.

ಮಲೆನಾಡಿಗೆ ಒಗ್ಗುವ ಮಾತಿಗೆ ಬಂದರೆ, ರಾವ್4ನ ಹಿಂದಿನ ಮೋಟರಿನ ಸಾಮರ್ಥ್ಯ ಸುಮಾರು 40 ಕಿಲೋವ್ಯಾಟ್, ಮುಂದಿನ ಎಂಜಿನ್-ಮೋಟರು ಜೋಡಿಗಿಂತ ಬಹಳ ಕಡಿಮೆ. ಮುಂದಿನ ಎರಡೂ ಚಕ್ರಗಳು ಹೂತು, ಕಡಿದಾದ ಏರಿನಲ್ಲಿ ಇಡೀ ಭಾರವನ್ನು ಹಿಂದಿನವೇ ನೂಕಬೇಕಾದಾಗ ಆ ಚಿಕ್ಕ ಮೋಟರು ಸ್ವಲ್ಪ ಹೊತ್ತಿಗೇ ದಣಿಯುತ್ತದೆ. ಮುಳ್ಳಯ್ಯನಗಿರಿಯ ಡಾಂಬರು ರಸ್ತೆಗೆ ಇದು ಬೇಕಾದಷ್ಟಾಯಿತು. ತೋಟದ ಕಾರ್ಮಿಕರ ಲೈನ್ ಮನೆಗಳ ಹಿಂದಿನ ಕೆಸರು ದಾರಿಗೆ ಸಾಲದು.

ಪ್ರಶ್ನೆ: ನಮ್ಮ ಆಲ್ ವ್ಹೀಲ್ ಡ್ರೈವ್ ಗಾಡಿಯ ಮುಂದಿನ ಎರಡು ಟೈರು ಮಾತ್ರ ಸವೆದಿವೆ. ಎರಡನ್ನೇ ಬದಲಿಸಿ, ಮಳೆಗಾಲಕ್ಕೆ ಜೀಪಿನವರಂತೆ ಸರಪಳಿ ಸುತ್ತಬಹುದೇ? (ಓದುಗರು, ಕೊಪ್ಪ)

ಉತ್ತರ: ಎರಡೂ ಬೇಡ. ಮುಂದೆ ಹೊಸ ಟೈರು, ಹಿಂದೆ ಹಳೆಯ ಟೈರು ಇದ್ದರೆ ಅವುಗಳ ಸುತ್ತಳತೆ ಬೇರೆಯಾಗಿ, ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಅವೆರಡನ್ನು ಜೋಡಿಸುವ ನಡುವಿನ ಕಪ್ಲಿಂಗ್ ಸದಾ ಉಜ್ಜಿಕೊಂಡು ಬಿಸಿಯಾಗುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಮುಂದೆ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಹಿಂದುಮುಂದು ಮಾಡಿಸುತ್ತಿದ್ದರೆ ಈ ಸ್ಥಿತಿ ಬಾರದು. ಹೇಗೂ ಬದಲಿಸುವಾಗ ಅದೇ ಅಳತೆಯಲ್ಲಿ ಆಲ್ ಟೆರೈನ್ (ಮಣ್ಣು, ಡಾಂಬರು ಎರಡಕ್ಕೂ ಆಗುವ) ಟೈರು ಸಿಗುತ್ತದೆಯೇ ವಿಚಾರಿಸಿ. ಮೈಲೇಜ್ ಕೊಂಚ ಇಳಿದರೂ ಕೆಸರಿನಲ್ಲಿ ಬಟನ್‌ಗಳು ಮಣ್ಣನ್ನು ಕೊಡವಿಕೊಳ್ಳುತ್ತವೆ.

ಸರಪಳಿಗೆ ಈ ಗಾಡಿಗಳ ಚಕ್ರದ ಮೇಲೆ ಜಾಗ ಸಾಲದು, ಬ್ರೇಕಿನ ಪೈಪು ಮತ್ತು ಸೆನ್ಸರಿನ ವೈರು ಹರಿದುಹೋಗಬಹುದು. ಅದರ ಬದಲು ಕೆಸರು ದಾರಿಯ ಬಾಯಲ್ಲಿ ಟೈರಿನ ಗಾಳಿಯನ್ನು 25 ಪಿಎಸ್‌ಐಗೆ ಇಳಿಸಿ, ಮೆಲ್ಲನೆ ಸಾಗಿ. ಗಾಡಿ ಹೂತು, ಒತ್ತಿದರೂ ಚಕ್ರ ತಿರುಗದೆ ಶಕ್ತಿ ಕಡಿತವಾಗುತ್ತಿದೆ ಎನಿಸಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಗುಂಡಿಯನ್ನು ಆಫ್ ಮಾಡಿ ಒಮ್ಮೆ ಯತ್ನಿಸಿ, ಏಕೆಂದರೆ ಚಕ್ರ ತುಸು ಜೋರಾಗಿ ಸುತ್ತಿದರೆ ಮಾತ್ರ ಬಟನ್‌ಗಳಲ್ಲಿ ತುಂಬಿದ ಮಣ್ಣು ಸಿಡಿದು ಹೋಗುತ್ತದೆ. ಡಾಂಬರಿಗೆ ಬಂದೊಡನೆ ಆ ಗುಂಡಿಯನ್ನು ಮತ್ತೆ ಆನ್ ಮಾಡಿ, ಗಾಳಿ ತುಂಬಿಸಿಕೊಂಡೇ ಮುಂದೆ ಹೋಗಿ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಪಂಪೊಂದು ಡಿಕ್ಕಿಯಲ್ಲಿ ಇರಲಿ.