ಮೀನು ಮಾರುವ ಹೆಂಗಸರು ನನ್ನ ಆರೋಗ್ಯ ಅಧ್ಯಯನದಲ್ಲಿ ಪಾಲ್ಗೊಳ್ಳುವಂತೆ ಮಾಡುವುದು ಹೇಗೆ?

ಪ್ರಶ್ನಾವಳಿ ಸಿದ್ಧವಿದೆ, ಕಾರವಾರದ ಹತ್ತಿರದ ಕೇರಿಯ ಹೆಂಗಸರು ಮಾತ್ರ ಮಾತಿಗೆ ಸಿಗುತ್ತಿಲ್ಲ ಅಂದಿದ್ದೀರಿ. ನಾನೂ ಹಾಗೇ ಅಂಕೋಲಾ ಕಡೆಯ ಒಂದು ಕೇರಿಗೆ ಹೋದವಳು.

ನಮ್ಮ ವಿಷಯ ಬಿ.ಪಿ. ಉಪ್ಪು, ಒಣಮೀನು, ಮಾತ್ರೆ ಬಗ್ಗೆ ಪ್ರಶ್ನೆಗಳು. ಬೆಳಿಗ್ಗೆ ಹತ್ತಕ್ಕೆ ದೇವಸ್ಥಾನದ ಸಭಾಭವನದಲ್ಲಿ ಸಭೆ ಕರೆದೆವು. ಬೋಟಿನ ಮಾಲೀಕರು, ಸಂಘದ ಮುಖಂಡರು ಬಂದರು, ಒಪ್ಪಿದರು. ಊರೇ ಒಪ್ಪಿತು ಅಂತ ಬರೆದುಕೊಂಡೆವು. ಆ ಹೊತ್ತಿಗೆ ಹೆಂಗಸರು ಪೇಟೆಯಲ್ಲಿ ಬುಟ್ಟಿ ಮುಂದೆ ಕೂತಿರುತ್ತಾರೆ, ಅಲ್ವಾ?

ಆಮೇಲೆ ಮನೆಮನೆಗೆ ಹೋದೆವು. ‘ಮಾತ್ರೆ ದಿನಾ ತಗೊಳ್ತೀರಾ?’ ಅಂತ ಒಂದು ಪ್ರಶ್ನೆ. ಹೌದು, ಇಲ್ಲ, ಎರಡೇ ಚೌಕ. ತುಂಬಾ ಜನ ಇಲ್ಲ ಅಂದರು. ‘ತಿಳಿವಳಿಕೆ ಕಡಿಮೆ’ ಅಂತ ವರದಿ ಬರೆದು, ಕೇರಿಯಲ್ಲಿ ಓದಿಯೂ ಹೇಳಿದೆವು. ಆಗ ಒಬ್ಬರು ಅಜ್ಜಿ ಕೇಳಿದರು: “ತಂಗಿ, ಪೇಟೆಲಿ ಒಂದಕ್ಕೆ ಹೋಗೂಕೆ ಜಾಗ ಎಲ್ಲಿ ಅದೆ?”

ಬಿ.ಪಿ.ಯ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಮಾರ್ಕೆಟ್‌ನಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಹಾಗಾಗಿ ಮಾರಾಟದ ದಿನ ಮಾತ್ರೆ ಬಿಡುತ್ತಿದ್ದರು, ನೀರೂ ಕುಡಿಯುತ್ತಿರಲಿಲ್ಲ. ಉರಿಮೂತ್ರ ಅನ್ನೋದು ಅಲ್ಲಿ ಮನೆಮನೆ ಮಾತು. ನಮ್ಮ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ತಪ್ಪು ಸಭೆಯ ಸಮಯದ್ದು ಅಂತ ಆಗ ಅಂದುಕೊಂಡೆ. ಅಲ್ಲ. ಸಂಜೆ ಸಭೆ ಕರೆದಿದ್ದರೂ ನಾನು ಬಿ.ಪಿ. ಬಗ್ಗೆಯೇ ಕೇಳುತ್ತಿದ್ದೆ. ತಪ್ಪಾಗಿದ್ದು ಅದಕ್ಕೂ ಮೊದಲು, ಕಾಲೇಜಿನ ಮೇಜಿನ ಮೇಲೆ. ಏನು ಕೇಳಬೇಕು ಅಂತ ನಾವೇ ನಿರ್ಧರಿಸಿ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಕೊಟ್ಟು, ದುಡ್ಡನ್ನೂ ಅದಕ್ಕೇ ಹಂಚಿಬಿಟ್ಟಿದ್ದೆವು. ಅಜ್ಜಿ ಮಾತು ಸರಿ ಅಂತ ಗೊತ್ತಾದ ಮೇಲೂ ಶೌಚಾಲಯದ ವಿಷಯಕ್ಕೆ ಒಂದು ರೂಪಾಯಿ ತಿರುಗಿಸಲು ಆಗಲಿಲ್ಲ. ಮರುವರ್ಷ ಆ ಕೇರಿ ನಮ್ಮನ್ನು ಸೇರಿಸಲಿಲ್ಲ. ಅಧ್ಯಯನ ಅಲ್ಲಿಗೇ ನಿಂತಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವರು ನಿಮ್ಮ ಅಧ್ಯಯನಕ್ಕೆ ಬರಬೇಕು ಅಂತ ಯಾಕೆ? ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾಕ್ಟರ್ ದಂಪತಿ ಅಭಯ್ ಬಂಗ್, ರಾಣಿ ಬಂಗ್ ಮೊದಲು ಸಿಕಲ್ ಸೆಲ್ ಅನ್ನೋ ರಕ್ತದ ಆನುವಂಶಿಕ ಕಾಯಿಲೆ ಹಿಂದೆ ಬಿದ್ದಿದ್ದರು. ಅದು ತಮ್ಮ ಮುಖ್ಯ ತೊಂದರೆ ಅಲ್ಲ ಅಂತ ಜನರಿಂದ ಗೊತ್ತಾದ ಮೇಲೆ ದಾರಿ ಬದಲಿಸಿದರು. ಜಾರ್ಖಂಡ್, ಒಡಿಶಾದಲ್ಲಿ ಹೆಂಗಸರ ಗುಂಪುಗಳೇ ಕೂತು ತೊಂದರೆ ಗುರುತಿಸಿ, ಉಪಾಯವನ್ನೂ ಹುಡುಕಿದವು. ಅಂಥ ಗುಂಪುಗಳಿಲ್ಲದ ಕಡೆಗೆ ಹೋಲಿಸಿದರೆ, 3 ವರ್ಷದಲ್ಲಿ ನವಜಾತ ಶಿಶುಗಳ ಸಾವಿನ ಪ್ರಮಾಣ ಶೇ. 32ರಷ್ಟು ಕಡಿಮೆ ಇತ್ತು. 2010ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, ಓದಿ.

ಪ್ರಶ್ನಾವಳಿ ಪಕ್ಕಕ್ಕಿಡಿ. ವ್ಯಾಪಾರ ಮುಗಿದ ಮೇಲೆ ಮಾರ್ಕೆಟ್‌ನಲ್ಲೇ ಅವರ ಜೊತೆ ಸುಮ್ನೆ ಕೂತು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಕರೆದರೆ ಅವರ ಸಮಯಕ್ಕೆ ದುಡ್ಡು ಕೊಡಿ. ಅವರಲ್ಲೇ ಇಬ್ಬರನ್ನು ಸಂಬಳ ಕೊಟ್ಟು ತಂಡಕ್ಕೆ ತಗೊಳ್ಳಿ. ಪ್ರಶ್ನೆ ಅವರ ಜೊತೆ ಬರೆದು, ಆಮೇಲೆ ಎಥಿಕ್ಸ್ ಕಮಿಟಿಗೆ ಹೋಗಿ.

ಗೈಡ್ ಒಪ್ಪದಿದ್ದರೆ ಸರ್ವೆಯನ್ನೇ ಮಾಡಿ, ಅದೇನೂ ತಪ್ಪಲ್ಲ. ಆದರೆ ಥೀಸಿಸ್ ಹೆಸರಿನಲ್ಲಿ ‘ಜನರ ಸಹಭಾಗಿತ್ವ’ ಅಂತ ಮಾತ್ರ ಹಾಕಬೇಡಿ.